ನೂರರಲ್ಲಿ ಒಂದು ಪಾಲು ಬೆಳಕು

ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದ ಬಸ್ಸು ಗುಂಡ್ಯದಲ್ಲಿ ನಿಂತಾಗ ಮೊದಲು ಕಿವಿಗೆ ಬೀಳುವುದು ಲಾರಿಗಳ ಬ್ರೇಕಿನ ಕೀರಲು. ಅದು ಅಡಗಿದ ಮೇಲೆ ಹೊಳೆಯ ಸದ್ದು. ರಾಷ್ಟ್ರೀಯ ಹೆದ್ದಾರಿ 75 ನೇರವಾಗಿ ಮಂಗಳೂರಿನ ಕಡೆ ಹೋಗುತ್ತದೆ, ಎಡಕ್ಕೆ ಹೊರಳಿದ ರಸ್ತೆ ಸುಬ್ರಹ್ಮಣ್ಯಕ್ಕೆ. ಚಹಾ ಕುಡಿದು ಕುಕ್ಕೆಗೆ ಹೊರಡುವ ಯಾತ್ರಿಕರ ನಡುವೆ ಉದ್ದನೆಯ ಚೀಲ ಹೆಗಲಿಗೇರಿಸಿದ ಒಬ್ಬಿಬ್ಬರು ಆಗಾಗ ಇಳಿಯುತ್ತಾರೆ. ಅವರ ಚೀಲದಲ್ಲಿ ಕ್ಯಾಮೆರಾ, ಮೊಣಕೈಯುದ್ದದ ಲೆನ್ಸ್, ಟ್ರೈಪಾಡ್ ಮತ್ತು ಉಂಬಳ ಬಿಡಿಸಲು ಒಂದು ಪೊಟ್ಟಣ ಉಪ್ಪು ಇರುತ್ತವೆ. ಹಕ್ಕಿ, ಪ್ರಾಣಿಗಳ ಚಿತ್ರ ತೆಗೆಯಲು ಬಂದವರು ಅವರು. ಮೊದಲ ಸಲ ಬಂದವರಾದರೆ ಸಂಜೆ ಹೊತ್ತಿಗೆ ಕ್ಯಾಮೆರಾದಲ್ಲಿ ಉಳಿಯುವುದು ಕಪ್ಪು ಎಲೆಗಳು, ಬಿಳಿ ಆಕಾಶ, ನಡುವೆ ಮಸುಕಾದ ಒಂದು ಬಾಲ.

ಅದು ಅವರ ಕೈಯ ತಪ್ಪಲ್ಲ. ನಮ್ಮ ಕಣ್ಣಿಗೆ ರೂಢಿಯಾದ ವನ್ಯಜೀವಿ ಚಿತ್ರವೆಲ್ಲ ಬಯಲಿನ ಚಿತ್ರ. ಬಂಡೀಪುರದ ಹುಲ್ಲುಗಾವಲಿನ ಆನೆ, ಕಬಿನಿ ಹಿನ್ನೀರಿನ ದಂಡೆಯ ಹುಲಿ, ಇನ್ನೂ ದೂರ ಹೋದರೆ ಆಸ್ಟ್ರೇಲಿಯಾದ ಒಳನಾಡು, ಅಲ್ಲಿಯವರು ಔಟ್‌ಬ್ಯಾಕ್ ಎನ್ನುವ ಕೆಂಪು ಮಣ್ಣಿನ ಸೀಮೆ. ಆ ಸೀಮೆಯ ನಡುವಿನ ಆಲಿಸ್ ಸ್ಪ್ರಿಂಗ್ಸ್ ಪಟ್ಟಣದಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 280 ಮಿಲಿಮೀಟರ್ ಆಸುಪಾಸು. ನೀರು ಅಪರೂಪವಾದ್ದರಿಂದ ಛಾಯಾಗ್ರಾಹಕನ ಕೆಲಸ ಒಂದು ರೀತಿಯಲ್ಲಿ ಸುಲಭ: ನೀರಿನ ಗುಂಡಿಯ ಪಕ್ಕ ಮರೆ ಕಟ್ಟಿಕೊಂಡು ಕೂರುವುದು. ಕೆಂಪು ಕಾಂಗರೂ ಮುಸ್ಸಂಜೆಗೆ ಅಲ್ಲಿಗೇ ಬರಬೇಕು, ಬಜರಿಗರ್ ಗಿಳಿಗಳ ಹಿಂಡು ಬೆಳಗ್ಗೆ ಅಲ್ಲಿಗೇ ಇಳಿಯಬೇಕು. ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಪಂಜರದಲ್ಲಿಟ್ಟು ಮಾರುವ ಆ ಪುಟ್ಟ ಹಸಿರು ಹಕ್ಕಿಯೇ ಇದು. ಅಲ್ಲಿ ಅದು ಸಾವಿರಗಟ್ಟಲೆ ಕೂಡಿ ಒಂದೇ ಮೈಯಂತೆ ತಿರುಗುವುದನ್ನು ಚಿತ್ರದಲ್ಲಿ ಕಂಡವರಿಗೆ ಪಂಜರದತ್ತ ಮತ್ತೆ ನೋಡುವ ಮನಸ್ಸಾಗುವುದಿಲ್ಲ.

ಗುಂಡ್ಯ ಇದಕ್ಕೆ ತೀರಾ ತಿರುಗುಮುರುಗು. ಘಟ್ಟದ ಬುಡದ ಈ ಸೀಮೆಯಲ್ಲಿ ಸುರಿಯುವ ಮಳೆ ಸುಮಾರು 4,000 ಮಿಲಿಮೀಟರ್, ಅಂದರೆ ಆಲಿಸ್ ಸ್ಪ್ರಿಂಗ್ಸಿನ ಹದಿನಾಲ್ಕು ಪಟ್ಟು. ಕೆಂಪುಹೊಳೆ, ಅಡ್ಡಹೊಳೆ, ಎತ್ತಿನಹೊಳೆ ಎಂದು ಒಂದೊಂದು ಮಡಿಲಿನಿಂದ ಒಂದೊಂದು ನೀರು ಇಳಿದು ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಸೇರುತ್ತದೆ, ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು. ಪ್ರತಿ ಎಲೆಯಲ್ಲೂ ಒಂದು ಗುಟುಕು ನೀರಿರುವ ಕಾಡಿನಲ್ಲಿ ಯಾವ ಪ್ರಾಣಿಯೂ ನೀರಿಗಾಗಿ ಒಂದೇ ಕಡೆ ಬರಬೇಕಾದ ಗರಜಿಲ್ಲ. ಹಾಗಾಗಿ ನೀರಿನ ಪಕ್ಕ ಕಾದು ಕೂತರೆ ಸೊಳ್ಳೆ ಕಡಿಸಿಕೊಂಡದ್ದಷ್ಟೇ ಲಾಭ.

ಎರಡನೆಯ ತೊಡಕು ಬೆಳಕಿನದು. ದಟ್ಟ ಮಳೆಕಾಡಿನ ನೆತ್ತಿಗೆ ಬೀಳುವ ಬಿಸಿಲಿನಲ್ಲಿ ನೆಲ ಮುಟ್ಟುವುದು ನೂರಕ್ಕೆ ಒಂದೆರಡು ಪಾಲು ಮಾತ್ರ. ಉಳಿದದ್ದನ್ನೆಲ್ಲ ಮೇಲಿನ ಎಲೆಗಳೇ ಹಂಚಿಕೊಳ್ಳುತ್ತವೆ. ಕ್ಯಾಮೆರಾದ ಲೆಕ್ಕದಲ್ಲಿ ಹೇಳುವುದಾದರೆ ಹೀಗೆ. ಔಟ್‌ಬ್ಯಾಕಿನ ನಿಚ್ಚಳ ಬಿಸಿಲಿನಲ್ಲಿ ಐಎಸ್‌ಒ (ಬೆಳಕು ಹಿಡಿಯುವ ಚುರುಕಿನ ಅಂಕಿ) 100 ಇಟ್ಟು, ಲೆನ್ಸಿನ ಕಂಡಿಯನ್ನು ಎಫ್ 5.6ಕ್ಕೆ ತೆರೆದರೆ ಶಟರ್ ಸೆಕೆಂಡಿನ 800ರಲ್ಲಿ ಒಂದು ಪಾಲಿನಷ್ಟು ಹೊತ್ತು ತೆರೆದಿದ್ದರೆ ಸಾಕು. ಓಡುವ ಕಾಂಗರೂ ಗಾಳಿಯಲ್ಲೇ ಕಲ್ಲಾಗಿ ನಿಲ್ಲುತ್ತದೆ. ಅದೇ ಕ್ಯಾಮೆರಾವನ್ನು ಅದೇ ಲೆಕ್ಕಕ್ಕೆ ಗುಂಡ್ಯದ ಕಾಡಿನ ನೆರಳಿಗೆ ತಂದರೆ ಶಟರ್ 8ರಲ್ಲಿ ಒಂದು ಸೆಕೆಂಡು ತೆರೆದಿರಬೇಕು. ಅಷ್ಟು ಹೊತ್ತಿನಲ್ಲಿ ಹಕ್ಕಿ ತಲೆ ತಿರುಗಿಸಿ, ರೆಕ್ಕೆ ಕೊಡವಿ, ಹಾರಿಯೂ ಹೋಗಿರುತ್ತದೆ. ಹಿಡಿದವರ ಕೈ ನಡುಗುವುದು ಬೇರೆ. ಮತ್ತೆ 800ರ ವೇಗ ಬೇಕೆಂದರೆ ಐಎಸ್‌ಒ ಹತ್ತು ಸಾವಿರಕ್ಕೆ ಏರಿಸಬೇಕು. ಆಗ ಹಕ್ಕಿ ನಿಂತೀತು, ಆದರೆ ಚಿತ್ರದ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕಿ. ಇದು ಬಿಸಿಲಿನ ದಿನದ ಮಾತು. ಜುಲೈಯ ಮೋಡದಡಿ ಈ ನೂರರಲ್ಲಿ ಒಂದು ಪಾಲೂ ಇಲ್ಲ.

ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿ ಹತ್ತು ಸಾವಿರದ ಮಾತಾದರೂ ಆಡಬಹುದು. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಅವರಂಥ ಹಿರಿಯರು ಕರ್ನಾಟಕದ ವನ್ಯಜೀವಿ ಛಾಯಾಗ್ರಹಣಕ್ಕೆ ದೇಶವಿದೇಶಗಳಲ್ಲಿ ಹೆಸರು ತಂದ ಕಾಲದಲ್ಲಿ ಕೈಯಲ್ಲಿದ್ದದ್ದು ಫಿಲಂ. ಬಣ್ಣಕ್ಕೆ ಹೆಸರಾದ ಕೊಡಾಕ್ರೋಮ್ ಸ್ಲೈಡ್ ಫಿಲಮಿನ ಐಎಸ್‌ಒ 64. ಮಳೆಕಾಡಿನ ನೆರಳಿನಲ್ಲಿ ಅದರ ಮೇಲೆ ಹಾರುವ ಹಕ್ಕಿಯನ್ನು ಮೂಡಿಸುವುದು ಆಗದ ಕೆಲಸ. ಅವರಿಗೆ ಉಳಿದಿದ್ದ ದಾರಿ ಎರಡು: ಫ್ಲ್ಯಾಶ್ ಹಚ್ಚುವುದು, ಇಲ್ಲವೇ ಕದಲದ ಜೀವಿಗಾಗಿ ಕದಲದೆ ಕೂರುವುದು. 36 ಚಿತ್ರಕ್ಕೆ ಮುಗಿಯುವ ಸುರುಳಿ ಅವರಿಗೆ ಕಲಿಸಿದ ತಾಳ್ಮೆಯನ್ನು, ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಕ್ಯಾಮೆರಾ ಹಿಡಿದವರಿಗೆ ಈ ಕಾಡು ಮೊದಲಿಂದ ಕಲಿಸುತ್ತದೆ.

ಗುಂಡ್ಯದಲ್ಲಿ ಪಳಗಿದವರು ಹಕ್ಕಿಯನ್ನು ಹುಡುಕಿಕೊಂಡು ಅಲೆಯುವುದಿಲ್ಲ. ಅವರು ಮರ ನೋಡುತ್ತಾರೆ. ಯಾವ ಗೋಳಿಮರ ಹಣ್ಣು ಬಿಟ್ಟಿದೆ, ಯಾವ ಹೆಬ್ಬಲಸು ಮಾಗುತ್ತಿದೆ, ಯಾವ ಕೊಂಬೆಗೆ ಹತ್ತು ಗಂಟೆಗೆ ಸರಿಯಾಗಿ ಒಂದು ತುಂಡು ಬಿಸಿಲು ಬೀಳುತ್ತದೆ ಎಂಬುದು ಗೊತ್ತಾದರೆ ಅರ್ಧ ಚಿತ್ರ ತೆಗೆದ ಹಾಗೆ. ಉಳಿದರ್ಧ, ಕೂರಲು ಬರುವ ಹಕ್ಕಿಯ ಕೈಯಲ್ಲಿ.

ಕೂರುವುದರಲ್ಲಿ ಕಾಕರಣೆ ಹಕ್ಕಿಗೆ ಎಣೆಯಿಲ್ಲ. ಗಂಡಿನ ಎದೆ ದಾಸವಾಳದ ಕೆಂಪು, ತಲೆ ಕಪ್ಪು, ನಡುವೆ ಬಿಳಿ ಪಟ್ಟಿ. ಬೆನ್ನು ಮಾತ್ರ ಒಣಗಿದ ಎಲೆಯ ಕಂದು. ಜನರ ಸುಳಿವು ಸಿಕ್ಕಿದ ಕೂಡಲೇ ಇದು ಹಾರಿಹೋಗದೆ ಬೆನ್ನು ತಿರುಗಿಸಿ ಕೂತುಬಿಡುತ್ತದೆ. ಕೆಂಪೆಲ್ಲ ಆಚೆ ಕಡೆಗೆ, ನಮ್ಮ ಕಡೆಗೆ ಒಂದು ಒಣ ಎಲೆ. ಅದು ಮತ್ತೆ ಈಚೆ ತಿರುಗುವವರೆಗೆ ಕಾಲು ಗಂಟೆಯೋ ಅರ್ಧ ಗಂಟೆಯೋ ಸದ್ದಿಲ್ಲದೆ ನಿಲ್ಲಬಲ್ಲವರಿಗೆ 30ರಲ್ಲಿ ಒಂದು ಸೆಕೆಂಡಿನ ಶಟರೂ ಸಾಕು. ಟ್ರೈಪಾಡ್ ಅಲುಗಬಾರದು, ಅಷ್ಟೆ.

ಇನ್ನೊಂದು, ಕಪ್ಪೆಬಾಯಿ ಹಕ್ಕಿ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಈ ಇರುಳುಹಕ್ಕಿ ಹಗಲಿಡೀ ಜೋಡಿಯಾಗಿ ಒಂದೇ ರೆಂಬೆಯ ಮೇಲೆ ಒತ್ತಿಕೊಂಡು ಮಲಗುತ್ತದೆ. ಗೇಣುದ್ದದ ಮೈ, ಮುಖದಗಲದ ಬಾಯಿ. ಗಂಡು ಬೂದು, ಹೆಣ್ಣು ಇಟ್ಟಿಗೆ ಬಣ್ಣ. ಎರಡೂ ಸೇರಿ ಬಳ್ಳಿಯಲ್ಲಿ ಸಿಕ್ಕಿಕೊಂಡ ತರಗೆಲೆಯ ಗೊಂಚಲಿನ ಹಾಗೆ ಕಾಣುತ್ತವೆ. ನಾಲ್ಕು ಅಡಿ ದೂರದಿಂದ ನಡೆದುಹೋದರೂ ಗೊತ್ತಾಗುವುದಿಲ್ಲ. ಇದರ ದೊಡ್ಡ ನೆಂಟ, ಟಾನಿ ಫ್ರಾಗ್‌ಮೌತ್, ಆಸ್ಟ್ರೇಲಿಯಾದ ಬಹುಪಾಲು ಕಡೆ ಸಿಗುತ್ತದೆ. ಅಲ್ಲಿ ಅದು ಕೊಕ್ಕು ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಮುರಿದ ಒಣ ಕೊಂಬೆಯ ಹಾಗೆ ಕೂರುತ್ತದೆ. ಒಂದೇ ಕುಲದ ಎರಡು ಹಕ್ಕಿಗಳು: ಬಯಲಿನದು ಮುರಿದ ಕೊಂಬೆಯಾಯಿತು, ಮಳೆಕಾಡಿನದು ತರಗೆಲೆಯಾಯಿತು. ತನ್ನ ಸುತ್ತ ಏನು ಹೆಚ್ಚಾಗಿ ಬಿದ್ದಿದೆಯೋ ಅದರ ವೇಷ! ಎರಡೂ ದೇಶದ ಛಾಯಾಗ್ರಾಹಕರಿಗೆ ಈ ಹಕ್ಕಿಯ ವಿಷಯದಲ್ಲಿ ಬೆಳಕಿನ ಚಿಂತೆಯಿಲ್ಲ. ಅದು ಅಲ್ಲಾಡುವುದೇ ಇಲ್ಲವಲ್ಲ, 8ರಲ್ಲಿ ಒಂದು ಸೆಕೆಂಡು ಧಾರಾಳವಾಯಿತು.

ಮತ್ತೆ ಕೆಲವೊಮ್ಮೆ ಎಲ್ಲವೂ ಒಟ್ಟಿಗೇ ಬರುತ್ತದೆ. ಎರಡು ಗಂಟೆ ಕೂತರೂ ಒಂದು ರೆಕ್ಕೆಯ ಸದ್ದಿಲ್ಲದ ಜಾಗದಲ್ಲಿ ಇದ್ದಕ್ಕಿದ್ದಂತೆ ಭೀಮರಾಜ ಕೂಗುತ್ತದೆ, ಬಾಲದ ಎರಡು ಉದ್ದ ಎಳೆಗಳ ತುದಿಯಲ್ಲಿ ಚಮಚ ತೂಗಿಸಿಕೊಂಡ ಕಪ್ಪು ಕಾಜಾಣ. ಅದರ ಬೆನ್ನಿಗೆ ಮರಕುಟಿಗ, ರಾಜಹಕ್ಕಿ, ಬಾನಕ್ಕಿ, ಹೆಸರು ನೆನಪಾಗುವ ಮೊದಲೇ ಮರೆಯಾಗುವ ಹತ್ತಾರು ಪುಟ್ಟ ಹಕ್ಕಿಗಳು. ಒಂದು ತೊಗಟೆ ಕೆದಕುತ್ತದೆ, ಇನ್ನೊಂದು ಎಲೆಯಡಿ ತಡಕುತ್ತದೆ, ಗಾಬರಿಯಾಗಿ ಎದ್ದ ಹುಳವನ್ನು ಮತ್ತೊಂದು ಗಾಳಿಯಲ್ಲೇ ಹಿಡಿಯುತ್ತದೆ. ಬೇಟೆಯ ಈ ಜಂಟಿ ಮೆರವಣಿಗೆ ಐದಾರು ನಿಮಿಷದಲ್ಲಿ ದಾಟಿಹೋಗುತ್ತದೆ. ಹೊಸಬರು ಒಂದನ್ನು ಬಿಟ್ಟು ಇನ್ನೊಂದಕ್ಕೆ ಲೆನ್ಸ್ ತಿರುಗಿಸುತ್ತ ಯಾವುದನ್ನೂ ಹಿಡಿಯದೆ ಉಳಿಯುತ್ತಾರೆ. ಅನುಭವಿಗಳು ಬಿಸಿಲು ಬಿದ್ದ ಒಂದೇ ಕೊಂಬೆಗೆ ಗುರಿಯಿಟ್ಟು ಯಾವ ಹಕ್ಕಿ ಅಲ್ಲಿಗೆ ಬರುತ್ತದೋ ಅದನ್ನು ತೆಗೆಯುತ್ತಾರೆ.

ಹಣ್ಣು ಬಿಟ್ಟ ಗೋಳಿಮರದ ಕತೆ ಬೇರೆ. ಅಲ್ಲಿಗೆ ಮಂಗಟ್ಟೆ ಬಂದೇ ಬರುತ್ತದೆ. ಗುಂಡ್ಯದ ಸುತ್ತ ದಿನವೂ ಕೇಳುವುದು ಪಶ್ಚಿಮ ಘಟ್ಟಕ್ಕೇ ಮೀಸಲಾದ ಬೂದು ಮಂಗಟ್ಟೆಯ ಒಡಕು ನಗು. ಅದೃಷ್ಟವಿದ್ದರೆ ದೊಡ್ಡ ಮಂಗಟ್ಟೆ ಬರುತ್ತದೆ. ಅದು ಕಾಣುವ ಮೊದಲೇ ರೆಕ್ಕೆಯ ಸದ್ದು ಕೇಳುತ್ತದೆ, ಹಳೆಯ ಉಗಿಬಂಡಿ ಏರು ಹತ್ತಿದ ಹಾಗೆ. ತೊಂದರೆಯೆಂದರೆ ಮರದ ತುದಿಯಲ್ಲಿ ಕೂತ ಕಪ್ಪು ಹಕ್ಕಿಯ ಹಿಂದೆ ಬೆಳ್ಳನೆಯ ಆಕಾಶ. ಕ್ಯಾಮೆರಾ ಆಕಾಶವನ್ನು ನೋಡಿ ಬೆಳಕು ಬಹಳವೆಂದು ತಿಳಿದು ಹಕ್ಕಿಯನ್ನು ಮಸಿ ಮಾಡಿಬಿಡುತ್ತದೆ. ಆಗ ಬೆಳಕನ್ನು ಬೇಕೆಂದೇ ಮೂರು ನಾಲ್ಕು ಪಟ್ಟು ಹೆಚ್ಚಿಗೆ ಕೊಡಬೇಕು. ಆಕಾಶ ಸುಣ್ಣವಾಗಲಿ, ಹಕ್ಕಿಯ ಕಣ್ಣು ಕಂಡರೆ ಸಾಕು. ಇದೇ ಘಟ್ಟದ ಸಾಲಿನಲ್ಲಿರುವ ಸಿಂಗಳೀಕಕ್ಕೂ ಇದೇ ಲೆಕ್ಕ. ಕರಿ ಮೈಯ, ಬೂದು ಕೇಸರದ ಆ ಕೋತಿ ನೆಲಕ್ಕಿಳಿಯುವುದೇ ಕಮ್ಮಿ. ಕೊಂಬೆಯಿಂದ ಕೊಂಬೆಗೇ ಅದರ ಬದುಕು. ಕಾಡಿನ ನೆತ್ತಿ ಎಲ್ಲಿ ಕಡಿದುಹೋಯಿತೋ ಅಲ್ಲಿಗೆ ಅದರ ದಾರಿಯೂ ಮುಗಿಯಿತು.

ಇಷ್ಟೆಲ್ಲ ಪಾಡುಪಟ್ಟು ಕಾಡಿಗೆ ಹೋಗುವವರು ಒಂದು ಮಾತು ಮರೆಯುತ್ತಾರೆ. ಈ ಸೀಮೆಯ ಅತಿ ಸೋಜಿಗದ ಜೀವಿಯೊಂದು ಕಾಡಿನಲ್ಲಲ್ಲ, ಅಡಿಕೆ ತೋಟದಲ್ಲೇ ಇದೆ.

ಕಡಬ, ಸುಳ್ಯ, ಪುತ್ತೂರಿನ ಹಳೆಯ ತೋಟಗಳಲ್ಲಿ, ಬಿಸಿಲೇರಿದ ಮೇಲೆ, ಒಂಬತ್ತು ಗಂಟೆಯ ಹೊತ್ತಿಗೆ ಅಡಿಕೆ ಮರಗಳ ನಡು ಎತ್ತರವನ್ನು ಸುಮ್ಮನೆ ದಿಟ್ಟಿಸುತ್ತಿರಬೇಕು. ಮರದ ಬೂದು ಮೈಯ ಮೇಲೆ ಬಿಳಿ ಕಲೆಗಳು, ಹಾವಸೆಯ ಮಚ್ಚೆಗಳು. ಅವುಗಳ ನಡುವೆ ಒಂದು ಮಚ್ಚೆಯಿಂದ ಹಳದಿ ನಾಲಗೆಯಂಥದ್ದು ಸರಕ್ಕನೆ ಹೊರಚಾಚಿ ಮತ್ತೆ ಮಡಚಿಕೊಳ್ಳುತ್ತದೆ. ಮತ್ತೊಮ್ಮೆ. ಅದು ಗಂಡು ಹಾರುವ ಓತಿ, ಗಂಟಲ ಕೆಳಗಿನ ಹಳದಿ ಚೀಲವನ್ನು ಬಾವುಟದ ಹಾಗೆ ಆಡಿಸಿ ‘ಈ ಮರ ನನ್ನದು’ ಎನ್ನುತ್ತಿದೆ. ಬಾಲವೂ ಸೇರಿ ಒಂದು ಗೇಣಿನಷ್ಟು ಮೈ, ಮರದ ತೊಗಟೆಯದೇ ಬಣ್ಣ. ಇರುವೆ ಇದರ ಮುಖ್ಯ ಆಹಾರ. ಮರದ ಮೇಲೆ ಸಾಲಾಗಿ ಬರುವ ಇರುವೆಗಳನ್ನು ಕೂತಲ್ಲೇ ಒಂದೊಂದಾಗಿ ನೆಕ್ಕುತ್ತ ಮೇಲೇರುತ್ತದೆ. ತುದಿ ತಲುಪಿದ ಮೇಲೆ ತಲೆ ಹೊರಳಿಸಿ ಆಚೆ ಮರವನ್ನು ನೋಡುತ್ತದೆ, ಒಂದು ಕ್ಷಣ ಮೈ ಬಿಗಿ ಹಿಡಿಯುತ್ತದೆ, ಹಾರುತ್ತದೆ. ಪಕ್ಕೆಲುಬುಗಳೇ ಹೊರಕ್ಕೆ ಚಾಚಿ ನಡುವಿನ ಚರ್ಮ ಬಿಚ್ಚಿಕೊಂಡು ಕೊಡೆಯಾಗುತ್ತದೆ. ರೆಕ್ಕೆ ಬಡಿಯುವುದಿಲ್ಲ, ತೇಲುತ್ತದೆ. ಆಚೆ ಮರದ ಹತ್ತಿರ ಬಂದಾಗ ತಲೆ ಮೇಲೆತ್ತಿ, ಬಿಟ್ಟ ಎತ್ತರಕ್ಕಿಂತ ತುಸು ಕೆಳಗೆ ಅಂಟಿಕೊಳ್ಳುತ್ತದೆ. ಕೊಡೆ ಮಡಚಿತು, ಮತ್ತೆ ಬರೀ ತೊಗಟೆ.

ಅದು ಹಾರುವ ಚಿತ್ರ ಸಿಗುವುದು ಈ ಹೊರಳುನೋಟವನ್ನು ಗುರುತಿಸಬಲ್ಲವರಿಗೆ. ಓತಿ ಯಾವ ಮರದತ್ತ ನೋಡುತ್ತಿದೆಯೋ ಆ ದಾರಿಗೆ ಅಡ್ಡಲಾಗಿ ನಿಂತು, ನಡುದಾರಿಗೆ ಮೊದಲೇ ಫೋಕಸ್ ಕಟ್ಟಿ, 2500ರಲ್ಲಿ ಒಂದು ಸೆಕೆಂಡಿನ ಶಟರ್ ಇಟ್ಟು ಕಾಯಬೇಕು. ಕಾಡಿನ ನೆರಳಿನಲ್ಲಿ ಈ ವೇಗ ಕನಸು. ಅಡಿಕೆ ತೋಟದಲ್ಲಿ ಸಾಧ್ಯ, ಏಕೆಂದರೆ ಅಡಿಕೆಯ ಸೋಗೆ ಬೆಳಕನ್ನು ಪೂರಾ ನುಂಗುವುದಿಲ್ಲ, ಸೀಳಿ ಸೀಳಿ ಕೆಳಗೆ ಬಿಡುತ್ತದೆ. ಮನುಷ್ಯ ನೆಟ್ಟ ತೋಟ ಕಾಡಿನ ಪ್ರಾಣಿಗೂ ಸೇರಿಕೆಯಾಗಿ, ಕ್ಯಾಮೆರಾಕ್ಕೂ ಒದಗಿ ಬಂದದ್ದು ಹೀಗೆ. ಹೆಣ್ಣು ಓತಿ ಮೊಟ್ಟೆಯಿಡಲು ಮಾತ್ರ ನೆಲಕ್ಕಿಳಿದು, ಮಣ್ಣು ಕೆದಕಿ, ಮೊಟ್ಟೆ ಮುಚ್ಚಿ ಮತ್ತೆ ಮರ ಹತ್ತುತ್ತದೆ. ಆ ಹೊತ್ತು ಅದಕ್ಕೆ ಅತಿ ಅಪಾಯದ್ದು. ಆಗ ಕ್ಯಾಮೆರಾ ಹಿಡಿದು ಹತ್ತಿರ ಹೋಗಬಾರದು.

“ಎಂತ ಮಾರಾಯ್ರೆ, ಈ ಓತಿಯ ಪಟ ತೆಗೀಲಿಕ್ಕೆ ಬೆಂಗ್ಳೂರಿಂದ ಬಂದದ್ದಾ?” ಎಂದು ತೋಟದ ಯಜಮಾನರು ಕೇಳುವುದುಂಟು. ಬೇಸರದ ಪ್ರಶ್ನೆಯಲ್ಲ ಅದು. ಕೇಳಿದವರೇ ಮಜ್ಜಿಗೆ ತರಿಸಿ, ‘ಅಗೋ, ಕಣಿಯ ಆಚೆ ಮರದಲ್ಲಿ ಇನ್ನೊಂದುಂಟು ನೋಡಿ’ ಎಂದು ತೋರಿಸಿಯೂ ಕೊಡುತ್ತಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಮೇಲೆ ಕನ್ನಡದ ಓದುಗರಿಗೆ ಹಾರುವ ಓತಿ ಒಂದು ದಂತಕತೆಯಂತಾಯಿತು. ಕಾದಂಬರಿಯ ಮಂದಿ ಅದಕ್ಕಾಗಿ ಕಾಡೆಲ್ಲ ಅಲೆಯುತ್ತಾರೆ. ಮೂಡಿಗೆರೆಯ ಆ ಲೇಖಕರು ಸ್ವತಃ ಹಕ್ಕಿಗಳ ಬೆನ್ನು ಹತ್ತಿದ ಛಾಯಾಗ್ರಾಹಕರೂ ಆಗಿದ್ದರು. ಕನ್ನಡದಲ್ಲಿ ಹಕ್ಕಿ ನೋಡುವ, ಚಿತ್ರ ತೆಗೆಯುವ ಒಂದು ತಲೆಮಾರು ತಯಾರಾದುದರಲ್ಲಿ ಅವರ ಪಾಲು ದೊಡ್ಡದು.

ಮಳೆಗಾಲ ಬಂದರೆ ಗುಂಡ್ಯದಲ್ಲಿ ಕ್ಯಾಮೆರಾಕ್ಕೇ ಕಾಯಿಲೆ. ಲೆನ್ಸಿನ ಗಾಜಿನ ಒಳಗೆ ಜೇಡನ ಬಲೆಯಂಥ ಬೂಷ್ಟು ಹಬ್ಬುತ್ತದೆ, ಒಮ್ಮೆ ಹಿಡಿದರೆ ಗಾಜಿನ ಲೇಪವನ್ನೇ ತಿನ್ನುತ್ತದೆ. ತೇವ ನೂರಕ್ಕೆ ಐವತ್ತರ ಒಳಗಿರುವಂತೆ ನೋಡಿಕೊಂಡರೆ ಬೂಷ್ಟು ಬೆಳೆಯುವುದಿಲ್ಲ. ಆದರೆ ಗೋಡೆಯೇ ಬೆವರುವ ಜುಲೈಯಲ್ಲಿ ಅದೇನು ಸುಲಭವೇ? ಸಿಲಿಕಾ ಹರಳಿನ ಪೊಟ್ಟಣಗಳನ್ನು ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡುವವರಿದ್ದಾರೆ. ಕಪಾಟಿನೊಳಗೆ ಒಂದು ಹಳೆಯ 40 ವಾಟಿನ ಬಲ್ಬು ಉರಿಸಿಟ್ಟು ಬೆಚ್ಚಗೆ ಕಾಪಾಡುವವರೂ ಇದ್ದಾರೆ. ಕರೆಂಟು ಹೋಗುವ ಊರಲ್ಲಿ ಡಬ್ಬಿಯೇ ವಾಸಿ. ಉಂಬಳಕ್ಕೆ ಸುಣ್ಣ, ಹೊಗೆಸೊಪ್ಪಿನ ನೀರು, ಉಪ್ಪು. ಮಳೆಗೆ ಪ್ಲಾಸ್ಟಿಕ್ ಕೊಪ್ಪೆ, ಕ್ಯಾಮೆರಾಕ್ಕೊಂದು, ತಲೆಗೊಂದು.

ಇಷ್ಟು ಕಷ್ಟಪಟ್ಟು ಜನ ಮಳೆಯಲ್ಲೇ ಬರುವುದಕ್ಕೆ ಕಾರಣ ಮೂರು ಬೆರಳಿನ ಮಿಂಚುಳ್ಳಿ. ಬರೀ 13 ಸೆಂಟಿಮೀಟರಿನ ಈ ಹಕ್ಕಿ ಮಳೆಗಾಲದ ಹೊಸ್ತಿಲಲ್ಲಿ ತೊರೆಗಳ ಬದಿಯ ಮಣ್ಣಿನ ದರೆಯಲ್ಲಿ ಬಿಲ ಕೊರೆದು ಮರಿ ಮಾಡುತ್ತದೆ. ಕೆನ್ನೇರಳೆ, ಹಳದಿ, ನೀಲಿ, ಕೇಸರಿ, ಹಬ್ಬದ ರಂಗೋಲಿ ಪುಡಿಯೆಲ್ಲ ಒಂದೇ ಮುಷ್ಟಿಯಲ್ಲಿ ಹಿಡಿದ ಹಾಗಿರುತ್ತದೆ. ಮರಿಗಳಿಗೆ ಏಡಿ, ಹಾವರಾಣಿ, ಸಣ್ಣ ಕಪ್ಪೆ ಹಿಡಿದು ತರುವಾಗ ಬಿಲದ ಎದುರಿನ ಒಂದೇ ಕೊಂಬೆಯ ಮೇಲೆ ಕೂತು ಸುತ್ತ ನೋಡಿ ಒಳಹೋಗುತ್ತದೆ. ಛಾಯಾಗ್ರಾಹಕರಿಗೆ ಇದಕ್ಕಿಂತ ಖಚಿತ ಜಾಗ ಇನ್ನೊಂದಿಲ್ಲ. ಅದೇ ಈ ಹಕ್ಕಿಗೆ ಕಂಟಕ. ಗೂಡಿನ ಸುದ್ದಿ ಫೋನಿನಿಂದ ಫೋನಿಗೆ ಹರಡಿ, ಹತ್ತಾರು ಟ್ರೈಪಾಡುಗಳು ಸಾಲು ನಿಂತರೆ, ಬಾಯಲ್ಲಿ ಏಡಿ ಹಿಡಿದ ತಾಯಿ ಒಳಹೋಗಲಾಗದೆ ಕೊಂಬೆಯ ಮೇಲೇ ಕೂತಿರುತ್ತದೆ. ಚಿತ್ರ ಚೆನ್ನಾಗಿ ಬರುತ್ತದೆ. ಅಷ್ಟು ಹೊತ್ತೂ ಮರಿಗೆ ಹಸಿವು. ನೋಟಕ್ಕೆ ಅಡ್ಡವೆಂದು ಬಿಲದ ಮುಂದಿನ ಸೊಪ್ಪು ಸವರಿದರೆ ಕೇರೆಹಾವಿಗೂ ಉಡಕ್ಕೂ ಬಾಗಿಲು ತೋರಿಸಿಕೊಟ್ಟ ಹಾಗೆ. ಗೂಡಿನ ಚಿತ್ರ ತೆಗೆಯದಿರುವುದೇ ಸರಿ. ಅದೇ ಹಕ್ಕಿ ತೊರೆಯ ಕೆಳಪಾತಳಿಯಲ್ಲಿ ಬೇಟೆಗೆ ಕೂರುತ್ತದೆ, ಅಲ್ಲಿ ಕಾದರಾಯಿತು.

ಕಾನೂನಿನ ಗೆರೆಯೂ ಇದೆ. ಗುಂಡ್ಯದ ಸುತ್ತಲಿನದು ಮೀಸಲು ಅರಣ್ಯ, ಇಲಾಖೆಯ ಅನುಮತಿಯಿಲ್ಲದೆ ಒಳಹೋಗುವಂತಿಲ್ಲ. ತೆಂಕಣ ದಿಕ್ಕಿಗಿರುವ, 1,712 ಮೀಟರಿನ ಕುಮಾರ ಪರ್ವತವನ್ನು ಒಳಗೊಂಡ ಪುಷ್ಪಗಿರಿ ವನ್ಯಜೀವಿಧಾಮದಲ್ಲಿ ಚಿತ್ರ ತೆಗೆಯಲು 1972ರ ವನ್ಯಜೀವಿ ಕಾಯ್ದೆಯ 28ನೇ ಸೆಕ್ಷನ್ನಿನಡಿ ಪರವಾನಗಿ ಬೇಕು. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ನಡುವೆ 57 ಸುರಂಗ ದಾಟುವ ರೈಲುಹಳಿಯ ಮೇಲೆ ಹಿಂದೆ ಚಾರಣಿಗರು ಕ್ಯಾಮೆರಾ ಹಿಡಿದು ನಡೆಯುತ್ತಿದ್ದರು. ಈಗ ರೈಲ್ವೆ ಅದಕ್ಕೆ ಬಿಡುವುದಿಲ್ಲ. 2021ರ ಜುಲೈಯಿಂದ ಓಡುತ್ತಿರುವ ಗಾಜಿನ ವಿಸ್ಟಾಡೋಮ್ ಬೋಗಿಯಲ್ಲಿ ಕೂತರೆ ಕಣಿವೆಯ ಚಿತ್ರ ಸಿಕ್ಕೀತು, ಹಕ್ಕಿಯದಲ್ಲ. ಇನ್ನು ಆನೆ. 2023ರ ಫೆಬ್ರುವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ಒಂದೇ ಬೆಳಗ್ಗೆ ಇಬ್ಬರನ್ನು ಬಲಿ ತೆಗೆದುಕೊಂಡಿತು. ಹಾಲು, ತೋಟ, ಶಾಲೆ ಎಂದು ದಿನವೂ ಅದೇ ದಾರಿಯಲ್ಲಿ ನಡೆಯುವ ಜನರ ಊರಿಗೆ ಬಂದು, ಆನೆಯ ಚಿತ್ರಕ್ಕಾಗಿ ಅದರ ಬೆನ್ನು ಹತ್ತಿ ಕೆರಳಿಸಿ ಹೋಗುವುದು ಆ ಜನರಿಗೆ ಮಾಡುವ ದ್ರೋಹ.

ಯಾರೂ ಹಿಂಬಾಲಿಸದೆ, ಬೆಳಕೂ ಇಲ್ಲದೆ ಚಿತ್ರ ತೆಗೆಯುವ ದಾರಿಯೊಂದಿದೆ: ಕ್ಯಾಮೆರಾ ಟ್ರ್ಯಾಪ್. ಪ್ರಾಣಿ ಎದುರು ಹಾದಾಗ ತಾನೇ ಕ್ಲಿಕ್ಕಿಸುವ ಪೆಟ್ಟಿಗೆಯನ್ನು ಮರಕ್ಕೆ ಕಟ್ಟಿ ಬರುವುದು. ಭಾರತದ ಕಾಡುಗಳಲ್ಲಿ 1920ರ ದಶಕದಲ್ಲೇ ಎಫ್.ಡಬ್ಲ್ಯು. ಚಾಂಪಿಯನ್ ಎಂಬ ಅರಣ್ಯಾಧಿಕಾರಿ ತಂತಿ ಕಟ್ಟಿ ಹುಲಿಯೇ ತನ್ನ ಚಿತ್ರ ತೆಗೆದುಕೊಳ್ಳುವಂತೆ ಮಾಡಿದ್ದರು. ಆ ಉಪಾಯವನ್ನು ವಿಜ್ಞಾನದ ಅಳತೆಗೋಲಾಗಿ ಮಾಡಿದವರು ಈ ಸೀಮೆಯವರೇ. 1948ರಲ್ಲಿ ಪುತ್ತೂರಿನಲ್ಲಿ ಹುಟ್ಟಿದ ಕೆ. ಉಲ್ಲಾಸ ಕಾರಂತರು, ಶಿವರಾಮ ಕಾರಂತರ ಮಗ, ಒಂದು ಹುಲಿಯ ಪಟ್ಟೆ ಇನ್ನೊಂದರ ಹಾಗಿರುವುದಿಲ್ಲ ಎಂಬುದನ್ನು ಹಿಡಿದು 1990ರ ದಶಕದಲ್ಲಿ ನಾಗರಹೊಳೆಯ ಹುಲಿಗಳನ್ನು ಚಿತ್ರದಿಂದಲೇ ಎಣಿಸುವ ಕ್ರಮ ರೂಪಿಸಿದರು. ಹೆಜ್ಜೆಗುರುತು ನೋಡಿ ಹುಲಿ ಎಣಿಸುವ ಹಳೆಯ ಪದ್ಧತಿ ಹಿಂದೆ ಸರಿದದ್ದು ಅದರಿಂದ. ಚೆಂದಕ್ಕಾಗಿ ತೆಗೆದ ಚಿತ್ರಗಳಲ್ಲ ಅವು. ಹುಲಿಯ ಅರ್ಧ ಮೈ, ವಾರೆಯಾದ ಬಾಲ, ಮೂಲೆಯಲ್ಲಿ ತಾರೀಖು. ಆದರೂ ನಮ್ಮ ನಾಡಿನ ವನ್ಯಜೀವಿ ಚಿತ್ರಗಳಲ್ಲಿ ಇವುಗಳಷ್ಟು ಉಪಕಾರ ಮಾಡಿದವು ಕಡಿಮೆ. ಬರಿಂಕ, ಪುನುಗಿನಂಥ ಇರುಳಿನ ಜೀವಿಗಳ ಬದುಕು ಮಳೆಕಾಡುಗಳಲ್ಲಿ ಕಾಣುವುದೂ ಹೆಚ್ಚಾಗಿ ಇಂಥ ಪೆಟ್ಟಿಗೆಗಳಿಂದಲೇ.

ಗುಂಡ್ಯದ ಹೆಸರು ಲೋಕದ ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಏರಿದ್ದು ಮಾತ್ರ ಹುಲಿಯಿಂದಲೂ ಅಲ್ಲ, ಮಂಗಟ್ಟೆಯಿಂದಲೂ ಅಲ್ಲ. ಹೆಬ್ಬೆರಳಿನಷ್ಟು ಉದ್ದದ ಒಂದು ಕಪ್ಪೆಯಿಂದ. ಇಂಡಿರಾನಾ ಗುಂಡಿಯಾ ಎಂಬ ಈ ಕಂದು ಕಪ್ಪೆಗೆ ಫ್ರಾನ್ಸಿನ ಅಲೇನ್ ದುಬ್ವಾ 1986ರಲ್ಲಿ ಊರಿನ ಹೆಸರನ್ನೇ ಇಟ್ಟರು. ಅದಕ್ಕೂ ಮೊದಲೇ, 1937ರಲ್ಲಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ.ಆರ್. ನಾರಾಯಣರಾವ್ ಕೆಂಪುಹೊಳೆಯ ಕಾಡಿನ ಕಪ್ಪೆಗಳನ್ನು ವಿವರಿಸಿದ್ದರು. ಅವುಗಳಲ್ಲೊಂದರ ಹೆಸರು ಇವತ್ತಿಗೂ ನಿಕ್ಟಿಬಟ್ರಾಕಸ್ ಕೆಂಪ್‌ಹೊಲಿಯೆನ್ಸಿಸ್. ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ಈಚೆಗೆ ಇಟ್ಟ ಹೆಸರೂ ಒಂದಿದೆ: 2024ರಲ್ಲಿ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಳಿಂಗ ಸರ್ಪ ಬೇರೆಯೇ ಪ್ರಭೇದವೆಂದು ತೋರಿಸಿ ಅದಕ್ಕೆ ಒಫಿಯೋಫೇಗಸ್ ಕಾಳಿಂಗ ಎಂದು ಕನ್ನಡದ ಹೆಸರನ್ನೇ ಕೊಟ್ಟರು.

ಗುಂಡ್ಯದ ಕಪ್ಪೆಯ ಕುಲದ ಗೊದಮೊಟ್ಟೆಗಳು ನೀರಿನೊಳಗೆ ಬೆಳೆಯುವುದಿಲ್ಲ. ನೀರು ಜಿನುಗುವ ಬಂಡೆಯ ಮೈಮೇಲೆ, ತೆಳುವಾದ ತೇವದ ಪದರದಲ್ಲಿ ಅಂಟಿಕೊಂಡು ಪಾಚಿ ಮೇಯುತ್ತವೆ. ಮುಟ್ಟಲು ಹೋದರೆ ಬಂಡೆಯ ಮೇಲೇ ಜಿಗಿಯುತ್ತವೆ! ಇದರ ಚಿತ್ರಕ್ಕೆ ಮೊಣಕೈಯುದ್ದದ ಲೆನ್ಸ್ ಬೇಡ. ಒಂದು ಮ್ಯಾಕ್ರೊ ಲೆನ್ಸ್, ಹಾಳೆಯಿಂದ ಮಬ್ಬು ಮಾಡಿದ ಸಣ್ಣ ದೀಪ, ಬಂಡೆಯ ಮುಂದೆ ಮಂಡಿಯೂರುವ ಮನಸ್ಸು ಸಾಕು. ಕಪ್ಪೆಯನ್ನು ಕೈಯಲ್ಲಿ ಹಿಡಿದು ‘ಒಳ್ಳೆ ಜಾಗ’ಕ್ಕೆ ಕೂರಿಸುವ ಕೆಟ್ಟ ಚಾಳಿ ಕೆಲವರಿಗಿದೆ. ಅದರ ತೊಗಲು ಉಸಿರಾಡುವ ತೊಗಲು. ಕೈಗೆ ಹಚ್ಚಿದ ಸೊಳ್ಳೆ ಮುಲಾಮು ಅದಕ್ಕೆ ವಿಷವಾದೀತು.

ಬಂಡೆಯ ಮೇಲಿನ ಈ ತೇವದ ಪದರವೇ ಗುಂಡ್ಯದ ದೊಡ್ಡ ಜಗಳದ ನಡುವಿನ ವಸ್ತು. ಇಲ್ಲಿಯ ತೊರೆಗಳ ನೀರನ್ನು ಕಟ್ಟಿ 200 ಮೆಗಾವಾಟ್ ವಿದ್ಯುತ್ ತೆಗೆಯುವ ಗುಂಡ್ಯ ಜಲವಿದ್ಯುತ್ ಯೋಜನೆ ಮುಂದೆ ಬಂದಾಗ, ಮಾಧವ ಗಾಡ್ಗೀಳ್ ನೇತೃತ್ವದ ಪಶ್ಚಿಮ ಘಟ್ಟ ತಜ್ಞರ ಸಮಿತಿ 2010ರಲ್ಲಿ ಇಲ್ಲಿಗೆ ಬಂದು ನೋಡಿ, 2011ರ ವರದಿಯಲ್ಲಿ ಯೋಜನೆ ಬೇಡವೆಂದು ಹೇಳಿತು. 2012ರಲ್ಲಿ ಯುನೆಸ್ಕೊ ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನೆರೆಯ ಪುಷ್ಪಗಿರಿಯೂ ಅದರಲ್ಲಿತ್ತು. ಆದರೆ ಗುಂಡ್ಯ ಹೊಳೆಯ ಮೇಲಿನ ತಲೆನೀರುಗಳನ್ನು ಪೂರ್ವಕ್ಕೆ ತಿರುಗಿಸುವ ಎತ್ತಿನಹೊಳೆ ಯೋಜನೆಗೆ 2014ರಲ್ಲಿ ಅಡಿಗಲ್ಲು ಬಿದ್ದು, 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತದ ಚಾಲನೆಯೂ ಆಯಿತು. ಬಯಲುಸೀಮೆಯ ಬಾಯಾರಿಕೆ ನಿಜ, ಅದನ್ನು ಅಲ್ಲಗಳೆಯಲಾಗದು. ಬಂಡೆಯ ಮೇಲೆ ಎಷ್ಟು ನೀರು ಜಿನುಗುತ್ತಿತ್ತು, ಅಲ್ಲಿ ಯಾವ ಗೊದಮೊಟ್ಟೆ ಇತ್ತು ಎಂಬುದಕ್ಕೂ ಒಂದು ದಾಖಲೆ ಬೇಕಲ್ಲ. ತಾರೀಖು, ಜಾಗ ಬರೆದಿಟ್ಟ ಒಂದು ಸಾಧಾರಣ ಚಿತ್ರ ಅಂಥ ದಾಖಲೆಯಾಗಬಲ್ಲದು. ಗೋಡೆಗೆ ತೂಗುಹಾಕುವ ಚಿತ್ರಗಳಿಗಿಂತ ಅಂಥವು ಗುಂಡ್ಯಕ್ಕೆ ಈಗ ಹೆಚ್ಚು ಬೇಕಾಗಿವೆ.

ಜೂನಿನಲ್ಲಿ ಮೊದಲ ದೊಡ್ಡ ಮಳೆ ಹಿಡಿದ ರಾತ್ರಿ, ತೋಟದ ಕೆರೆಯ ಮೇಲೆ ಬಾಗಿದ ಕೊಂಬೆಯಲ್ಲಿ ಹಾರುವ ಕಪ್ಪೆ ಕೂತಿರುತ್ತದೆ. ಎಳೆ ಬಾಳೆಲೆಯ ಹಸಿರು ಮೈ, ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಪೊರೆ. ಹೆಣ್ಣು ಹಿಂಗಾಲುಗಳಿಂದ ಲೋಳೆಯನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ಅದು ಬೆಳ್ಳಗೆ ನೊರೆಯಾಗಿ ಉಬ್ಬುತ್ತದೆ, ಮೊಟ್ಟೆಗಳು ಒಳಗೆ ಸೇರಿಕೊಳ್ಳುತ್ತವೆ. ಬೆಳಗಾಗುವಾಗ ಎರಡು ಮೂರು ಎಲೆ ಅಂಟಿಸಿಕೊಂಡ ನೊರೆಯ ಮುದ್ದೆ ನೀರಿನಿಂದ ಆಳೆತ್ತರದಲ್ಲಿ ತೂಗುತ್ತಿರುತ್ತದೆ. ಅಡಿಕೆ ಹಾಳೆ ಹೆಕ್ಕಲು ಬಂದವರಿಗೂ ಅದು ಕಾಣುತ್ತದೆ. ಸುಮಾರು ಒಂದು ವಾರದ ಮೇಲೆ ನೊರೆಯ ಅಡಿಭಾಗ ಕರಗಿ, ಒಂದು ಹನಿ ಉದ್ದವಾಗಿ ಜೋತು, ಒಳಗೊಂದು ಬಾಲ ಮಿಸುಕಿ, ನೀರಿಗೆ ಬೀಳುತ್ತದೆ. ಅದರ ಹಿಂದೆ ಇನ್ನೊಂದು. ರಾತ್ರಿ ಕೊಡೆ ಕಟ್ಟಿದ ಟ್ರೈಪಾಡಿನ ಹಿಂದೆ ಕೂತವರಿಗೆ ಅದು ಕಾಣುವ ಮೊದಲೇ ಕೇಳುತ್ತದೆ, ಮಳೆ ನಿಂತ ಕೆರೆಯಲ್ಲಿ ತೊಟ್ಟು ತೊಟ್ಟಾಗಿ.